ಕೂತವರ ಅಳತೆ

ಬೆಳಗಿನ ಐದೂಮುಕ್ಕಾಲು. ಲಾರಿ ಡಿಪೋದ ಗೇಟಿಗೆ ಆತುಕೊಂಡಿರುವ ಕೋಣೆಯ ಬಾಗಿಲು ಅರ್ಧ ತೆರೆದಿದೆ. ಒಳಗಿನ ದೀಪದ ಬೆಳಕು ಹೊರಗಿನ ಒದ್ದೆ ಸಿಮೆಂಟಿನ ಮೇಲೆ ಒಂದು ಅಂಗಿಯಗಲ ಬಿದ್ದಿದೆ. ಲಾರಿಗಳ ಗುರುಗುಟ್ಟುವಿಕೆಯ ನಡುವೆ ಹೊಲಿಗೆ ಯಂತ್ರದ ಸದ್ದು ಕೇಳಿಯೂ ಕೇಳದಂತಿದೆ. ಯಂತ್ರದ ಹಿಂದೆ ಐವತ್ತೆರಡು ವರ್ಷದ ಹೆಂಗಸು. ಕುತ್ತಿಗೆಯಲ್ಲಿ ಟೇಪು, ತುಟಿಗಳ ನಡುವೆ ಎರಡು ಗುಂಡುಸೂಜಿ. ಕಿಟಕಿಯಾಚೆ ಬನಿಯನ್ನಿನಲ್ಲಿ ನಿಂತ ಚಾಲಕನೊಬ್ಬ ಕೈಗಳನ್ನು ಕಂಕುಳಿಗೆ ತೂರಿಸಿಕೊಂಡು ಚಳಿಗೆ ಕುಣಿಯುತ್ತಿದ್ದಾನೆ. ಅವನ ಅಂಗಿ ಒಳಗೆ ಸೂಜಿಯ ಕೆಳಗಿದೆ.

"ಬೇಗ ಅಕ್ಕಾ, ನನ್ನ ಗಾಡಿ ನಂಬರ್ ಕರೀತಿದ್ದಾರೆ."

"ಕರೀಲಿ ಬಿಡು," ಎನ್ನುತ್ತಾರೆ ಅವರು, ಗುಂಡುಸೂಜಿ ಕಚ್ಚಿಕೊಂಡೇ. "ಹಿಂಗೇ ಕಳಿಸಿದ್ರೆ ಹೋಗೋದು ನನ್ನ ಮರ್ಯಾದೆ, ನಿಂದಲ್ಲ."

ಡಿಪೋದಲ್ಲಿ ಎಲ್ಲರಿಗೂ ಅವರು ಗುಂಡಿಯಕ್ಕ. ಕಡತದಲ್ಲಿ ಬೇರೆ ಹೆಸರಿದೆಯಂತೆ, ಅದನ್ನು ಕರೆದರೆ ಅವರೇ ತಿರುಗಿ ನೋಡುವುದಿಲ್ಲ. ಹದಿಮೂರು ವರ್ಷದ ಹಿಂದೆ ಈ ಗೇಟಿನ ಬಳಿ ಒಂದು ಡಬ್ಬಿ ಗುಂಡಿ ಇಟ್ಟುಕೊಂಡು ಕೂತಾಗ ಬಂದ ಹೆಸರು ಅದು. ರಸ್ತೆಯ ಗುಂಡಿ ನಾವು ನೋಡಿಕೊಳ್ಳುತ್ತೇವೆ, ಅಂಗಿಯ ಗುಂಡಿ ಅಕ್ಕ ನೋಡಿಕೊಳ್ಳುತ್ತಾಳೆ ಎಂದು ಚಾಲಕರು ಇವತ್ತಿಗೂ ಅದೇ ಹಳೆಯ ತಮಾಷೆ ಮಾಡುತ್ತಾರೆ. ಅವರು ಇವತ್ತಿಗೂ ಅದಕ್ಕೆ ನಗುವುದಿಲ್ಲ.

ಆರು ಗಂಟೆಗೆ ಗೇಟು ತೆರೆಯುತ್ತದೆ. ಏಳೂವರೆಯೊಳಗೆ ಅರವತ್ತೆರಡು ಲಾರಿಗಳು ಹೊರಬೀಳುತ್ತವೆ. ಆ ಒಂದೂವರೆ ಗಂಟೆಯಲ್ಲಿ ಅವರ ಕೈಯಲ್ಲಿ ಹೆಚ್ಚುಕಮ್ಮಿ ಹದಿನಾಲ್ಕು ಗುಂಡಿ, ಐದಾರು ಹೊಲಿಗೆ, ಒಂದೋ ಎರಡೋ ಜಿಪ್ಪು ಸರಿಹೋಗುತ್ತವೆ. ಆಮೇಲೆ ಹೊಸ ಬಟ್ಟೆಯ ಕೆಲಸ. ದಿನಕ್ಕೆ ನಾಲ್ಕು ಅಂಗಿ, ಇಲ್ಲವೇ ಮೂರು ಪ್ಯಾಂಟು. ನೂರ ನಲವತ್ತೆಂಟು ಚಾಲಕರ ಅಳತೆ ಉದ್ದನೆಯ ಪುಸ್ತಕವೊಂದರಲ್ಲಿದೆ. ಅದನ್ನು ತೆರೆಯುವುದು ಅಪರೂಪ. ಯಾರ ಹೊಟ್ಟೆ ಎಷ್ಟು ಬೆಳೆದಿದೆ ಎಂಬುದು ಅವರವರ ಹೆಂಡತಿಗಿಂತ ಮೊದಲು ಈ ಕೋಣೆಗೆ ಗೊತ್ತಾಗುತ್ತದೆ.

ಕೋಣೆ ಎಂಟಡಿಗೆ ಹನ್ನೆರಡಡಿ. ಹಿಂದೆ ಹಳೆ ಟಯರು ಎಸೆಯುತ್ತಿದ್ದ ಜಾಗ, ಮಳೆ ಬಂದರೆ ಈಗಲೂ ರಬ್ಬರಿನ ವಾಸನೆ ಏಳುತ್ತದೆ. ಎರಡು ಯಂತ್ರ, ಒಂದು ಇಸ್ತ್ರಿ ಮೇಜು, ಗೋಡೆಯುದ್ದಕ್ಕೂ ಬೂದಿ ನೀಲಿ ಬಣ್ಣದ ಅಂಗಿಗಳು. ಮೂಲೆಯಲ್ಲಿ ಮಾತ್ರ ಯಾವ ದರ್ಜಿಯ ಅಂಗಡಿಯಲ್ಲೂ ಕಾಣದ ಒಂದು ವಸ್ತುವಿದೆ. ಗುಜರಿಗೆ ಹೋದ ಲಾರಿಯೊಂದರ ಚಾಲಕನ ಸೀಟು. ಅದನ್ನು ನಾಲ್ಕು ಮರದ ತುಂಡುಗಳ ಮೇಲೆ ಕೂರಿಸಲಾಗಿದೆ. ಎದುರಿನ ಗೋಡೆಯಿಂದ ಒಂದು ಕಬ್ಬಿಣದ ಸಲಾಕೆ ಚಾಚಿಕೊಂಡಿದೆ, ಅದರ ತುದಿಗೆ ಹಳೆಯ ಸ್ಟೇರಿಂಗು. ಅಳತೆ ಕೊಡಲು ಬಂದವರು ಅಲ್ಲಿ ಕೂತು, ಎರಡು ಕೈಯಲ್ಲೂ ಅದನ್ನು ಹಿಡಿಯಬೇಕು. ನಿಂತವರ ಮೈಗೆ ಗುಂಡಿಯಕ್ಕನ ಟೇಪು ಮುಟ್ಟುವುದಿಲ್ಲ.

ಆ ಸೀಟಿಗೆ ಒಂದು ಕಥೆಯಿದೆ. ಹೊಸದಾಗಿ ಸೇರಿದವರಿಗೆ ಅದನ್ನು ಹೇಳದೆ ಇಲ್ಲಿ ಯಾರೂ ಬಿಡುವುದಿಲ್ಲ.

ಹದಿನಾಲ್ಕನೇ ವಯಸ್ಸಿನಲ್ಲಿ ಚಿಕ್ಕಮ್ಮನ ಯಂತ್ರದ ಮೇಲೆ ಹೊಲಿಗೆ ಕಲಿತವರು ಗುಂಡಿಯಕ್ಕ. ಆಮೇಲೆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಬರೀ ಕಾಲರು ಹೊಲಿದರು. ಅಂಗಿಯ ಉಳಿದ ಭಾಗ ಹೇಗಿರುತ್ತದೆಂದೇ ಮರೆತುಹೋಗಿತ್ತು ಎಂದು ಆ ದಿನಗಳ ಬಗ್ಗೆ ಹೇಳುತ್ತಾರೆ. ಕಾರ್ಖಾನೆ ಮುಚ್ಚಿದ ಮೇಲೆ, ಗಂಡ ಲಾರಿ ಓಡಿಸುವ ಈ ಡಿಪೋದ ಗೇಟಿಗೆ ಬಂದರು. ಮಾಡು ಸೋರುವ ಟಯರು ಕೋಣೆಯನ್ನು ತೊಳೆದು, ಬಾಗಿಲಿಗೆ ಪರದೆ ಕಟ್ಟಿ, ಯಂತ್ರ ಇಟ್ಟುಕೊಂಡರು.

ಆಗ ಚಾಲಕರಿಗೆ ಯೂನಿಫಾರ್ಮು ಇರಲಿಲ್ಲ. ಮನೆಯಲ್ಲಿ ಯಾವುದು ಹೆಚ್ಚು ಹಳತೋ ಅದೇ ಕೆಲಸದ ಬಟ್ಟೆ. ಒಬ್ಬ ಮಗನ ಆಟದ ಅಂಗಿ ಹಾಕಿಕೊಂಡು, ಬೆನ್ನ ಮೇಲೆ ಏಳನೇ ನಂಬರು ಹೊತ್ತು ಬರುತ್ತಿದ್ದ. ಇನ್ನೊಬ್ಬ ಬೇಸಿಗೆಯಲ್ಲೂ ತೋಳಿಲ್ಲದ ಸ್ವೆಟರು ಬಿಚ್ಚುತ್ತಿರಲಿಲ್ಲ. ಗುಂಡಿಯಕ್ಕನ ಯಜಮಾನರದ್ದು ಹನ್ನೊಂದು ವರ್ಷದ ಚೌಕಳಿ ಅಂಗಿ. ಕಾಲರನ್ನು ಎರಡು ಸಲ ತಿರುವಿ ಹೊಲಿದಿದ್ದರೂ ಅದನ್ನು ಬಿಡಲೊಲ್ಲರು. ನೋಡೋಕೆ ಚೆನ್ನಾಗಿರುವುದು ಯಾಕೆ ಬೇಕು ಎಂದು ಕೇಳುತ್ತಾನೆ ಉದ್ದಣ್ಣ. ಬಾಗಿಲಿಗೆ ತಲೆ ಬಗ್ಗಿಸದೆ ಎಲ್ಲಿಯೂ ಹೋಗಲಾರದ ಹಿರಿಯ ಚಾಲಕ ಅವನು.

"ಲಾರೀಲಿ ಕನ್ನಡಿ ಇರೋದು ಹಿಂದಿನ ಗಾಡಿ ನೋಡೋಕೆ, ನಮ್ಮ ಮುಖ ನೋಡ್ಕೊಳ್ಳೋಕಲ್ಲ."

ಎರಡೂವರೆ ವರ್ಷದ ಹಿಂದೆ ಕಂಪನಿಯ ಯೂನಿಫಾರ್ಮು ಬಂತು. ಪ್ಲಾಸ್ಟಿಕ್ಕಿನೊಳಗೆ ಮಡಿಸಿಟ್ಟ, ರಟ್ಟಿನಂಥ ಬಟ್ಟೆ. ಶಾಲೆ ಬಿಟ್ಟು ಮೂವತ್ತು ವರ್ಷವಾದ ಮೇಲೆ ಮತ್ತೆ ಯೂನಿಫಾರ್ಮು ತೊಟ್ಟು ಸಾಲಿನಲ್ಲಿ ನಿಲ್ಲುವುದೇ ಎಂದು ಚಾಲಕರು ಮುಖ ಸಿಂಡರಿಸಿದರು. ಗೇಟಿನಲ್ಲಿ ಕಾವಲುಗಾರ ಪ್ರತಿಯೊಬ್ಬರ ಫೋಟೊ ಹಿಡಿದು ಆಫೀಸಿಗೆ ಕಳಿಸಬೇಕೆಂಬ ನಿಯಮವೂ ಬಂತು. ನಿಯಮ ಬಂದ ವಾರದಲ್ಲೇ ಅದಕ್ಕೆ ಕಳ್ಳದಾರಿಯೂ ಸಿದ್ಧವಾಯಿತು. ಅದರ ಹೆಸರು ಗೇಟಂಗಿ.

ಗೇಟಂಗಿ ಎಂದರೆ ಒಂದೇ ಒಂದು ಅಂಗಿ, ಎಲ್ಲರಿಗೂ ಆಗುವಷ್ಟು ದೊಡ್ಡದು. ಗೇಟು ದಾಟುವವನು ಚೌಕಳಿಯ ಮೇಲೋ ಏಳನೇ ನಂಬರಿನ ಮೇಲೋ ಅದನ್ನು ಏರಿಸಿಕೊಳ್ಳುತ್ತಾನೆ. ಫೋಟೊ ಆಗುತ್ತದೆ. ತಿರುವಿನ ಚಹಾ ಅಂಗಡಿಯ ಹತ್ತಿರ ಲಾರಿ ನಿಧಾನವಾಗುತ್ತದೆ, ಅಂಗಿ ಕಿಟಕಿಯಿಂದ ಹಾರಿ ಚಹಾದವನ ಕೈಗೆ, ಅಲ್ಲಿಂದ ಕಾಂಪೌಂಡಿನ ಸಂದಿಯೊಳಗಿಂದ ಮುಂದಿನ ಚಾಲಕನ ಕೈಗೆ. ಕಾವಲುಗಾರ ಕ್ಯಾಮೆರಾದಲ್ಲಿ ಕಣ್ಣಿಟ್ಟು, ಬರಿಗಣ್ಣಿಗೆ ಕಂಡದ್ದನ್ನು ಕಾಣದವನಂತಿದ್ದ. ಅಂಗಿಯ ಎರಡೂ ಪಕ್ಕ ಬಿಚ್ಚಿ, ಪಟ್ಟಿ ಕೊಟ್ಟು ಅಗಲ ಮಾಡಿದ್ದು ಗುಂಡಿಯಕ್ಕ. ಹಾಗೆ ಮಾಡಿಕೊಡಲು ಕೇಳಿದ್ದು ಅವರ ಯಜಮಾನರು.

ನಾಲ್ಕು ತಿಂಗಳು ನಡೆದ ಈ ನಾಟಕದಲ್ಲಿ ಒಂದೇ ಎಡವಟ್ಟಾಯಿತು. ಯಾರದೋ ಪೆನ್ನು ಸೋರಿ ಅಂಗಿಯ ಜೇಬಿನ ಕೆಳಗೆ ಬದನೆಕಾಯಿಯಾಕಾರದ ಶಾಯಿ ಕಲೆ ಬಿತ್ತು. ಮರುದಿನ ಡಿಪೋ ಮ್ಯಾನೇಜರರ ಮೇಜಿನ ಮೇಲೆ ಇಪ್ಪತ್ತಮೂರು ಫೋಟೊ. ಇಪ್ಪತ್ತಮೂರು ಮುಖ, ಒಂದೇ ಬದನೆಕಾಯಿ.

ಮ್ಯಾನೇಜರು ಕೂಗಾಡಲಿಲ್ಲ. ಗೇಟಂಗಿಯನ್ನು ತರಿಸಿ, ಪಕ್ಕದ ಪಟ್ಟಿ ನೋಡಿ, ಗುಂಡಿಯಕ್ಕನನ್ನು ಕರೆಸಿದರು. ಇದು ನಿಮ್ಮ ಹೊಲಿಗೆಯೇ ಎಂದು ಕೇಳಿದರು. ಗುಂಡಿಯಕ್ಕ ಹೌದೆಂದರು. ಒಂದನೇ ತಾರೀಖಿನಿಂದ ಆ ಇಪ್ಪತ್ತಮೂರು ಜನರಿಗೆ ಟ್ರಿಪ್ಪಿಲ್ಲ, ಅಷ್ಟರೊಳಗೆ ಕೋಣೆಯೂ ಖಾಲಿಯಾಗಬೇಕು ಎಂಬ ತೀರ್ಪಾಯಿತು. ಉಳಿದಿದ್ದು ಹದಿನಾರು ದಿನ. ಇಪ್ಪತ್ತಮೂರರಲ್ಲಿ ಒಬ್ಬರು ಗುಂಡಿಯಕ್ಕನ ಯಜಮಾನರು. ಗಂಡನ ಸ್ಟೇರಿಂಗೂ ಹೆಂಡತಿಯ ಯಂತ್ರವೂ ಒಂದೇ ದಿನ ನಿಲ್ಲುವ ಲೆಕ್ಕ.

ಕೋಣೆ ಖಾಲಿ ಮಾಡಲು ಗುಂಡಿಯಕ್ಕ ಮೊದಲು ಎತ್ತಿಕೊಂಡದ್ದು ಮೂಲೆಯ ಗಂಟನ್ನು. ನಿಜಕ್ಕೂ ತೊಟ್ಟು ನೋಡಿದ ಚಾಲಕರು ರಿಪೇರಿಗೆಂದು ಬಿಸಾಡಿಹೋದ ಯೂನಿಫಾರ್ಮುಗಳು. ಮಡಿಸಿಡಲೆಂದು ಒಂದೊಂದಾಗಿ ನೆಲದ ಮೇಲೆ ಹರಡಿದರು. ಮೂವತ್ತೊಂದು ಅಂಗಿ. ಹರಡಿ ಮುಗಿಸಿದವರು ಹಾಗೆಯೇ ನಿಂತುಬಿಟ್ಟರು. ಎಲ್ಲವೂ ಹರಿದದ್ದು ಒಂದೇ ಜಾಗದಲ್ಲಿ, ಬೆನ್ನಿನಲ್ಲಿ, ಕಂಕುಳಿನ ಹಿಂದೆ. ಎಲ್ಲದರಲ್ಲೂ ಕಿತ್ತದ್ದು ಹೊಟ್ಟೆಯ ಮೇಲಿನ ಅದೇ ಗುಂಡಿ.

"ತಿಂಗಳುಗಟ್ಟಲೆ ಅವನ್ನೇ ಹೊಲೀತಿದ್ದೆ," ಎನ್ನುತ್ತಾರೆ. "ಹರಿದಿದ್ದು ಹೊಲಿದೆ, ಯಾಕೆ ಹರೀತು ಅಂತ ಒಂದಿನಾನೂ ಕೇಳ್ಲಿಲ್ಲ. ಅಂಗಿ ಅಗಲ ಮಾಡಿದ್ದು ಒಂದು ತಪ್ಪು. ಇದು ಅದಕ್ಕಿಂತ ದೊಡ್ಡ ತಪ್ಪು."

ಆ ಸಂಜೆ ಯಜಮಾನರನ್ನು ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿ, ದೊಡ್ಡ ಪಾತ್ರೆಯ ಮುಚ್ಚಳವೊಂದನ್ನು ಎರಡೂ ಕೈಗೆ ಕೊಟ್ಟು, ಓಡಿಸಿ ಎಂದರು. ಹೆಂಡತಿಗೆ ಚಿಂತೆಯಲ್ಲಿ ತಲೆ ಕೆಟ್ಟಿದೆ ಎಂದುಕೊಂಡ ಯಜಮಾನರು ಮರುಮಾತಿಲ್ಲದೆ ಮುಚ್ಚಳ ತಿರುಗಿಸಿದರು. ಟೇಪು ಹೇಳಿದ್ದು ಇಷ್ಟು. ಕೈ ಮುಂದೆ ಚಾಚಿ ಕೂತಾಗ ಬೆನ್ನು ಎರಡೂವರೆ ಇಂಚು ಅಗಲವಾಗುತ್ತದೆ. ಪ್ಯಾಂಟಿನ ಹಿಂಭಾಗಕ್ಕೆ ಮೂರಿಂಚು ಹೆಚ್ಚು ಬೇಕು, ಮುಂಭಾಗಕ್ಕೆ ಅಷ್ಟು ಬೇಡ. ಎದೆಯ ಜೇಬಿನ ಮೇಲೆಯೇ ಸೀಟ್ ಬೆಲ್ಟು ಹಾಯುತ್ತದೆ ಎಂದು ಯಜಮಾನರು ತೋರಿಸಿದರು.

"ಕಂಪನಿ ನಿಂತವನ ಅಳತೆಗೆ ಬಟ್ಟೆ ಕೊಟ್ಟಿತ್ತು," ಎನ್ನುತ್ತಾರೆ ಗುಂಡಿಯಕ್ಕ. "ಲಾರಿ ಓಡಿಸೋನು ನಿಂತಿರ್ತಾನಾ?"

ಮರುದಿನ ಬೆಳಿಗ್ಗೆ ಅವರು ಮ್ಯಾನೇಜರರ ಮುಂದೆ ಹೋಗಿ ನಿಂತದ್ದು ಕ್ಷಮೆ ಕೇಳಲು ಎಂದೇ ಎಲ್ಲರೂ ತಿಳಿದಿದ್ದರು. ಅವರು ಮೇಜಿನ ಮೇಲಿಟ್ಟದ್ದು ಮ್ಯಾನೇಜರರ ಅಳತೆಯ, ಪ್ಲಾಸ್ಟಿಕ್ಕು ಬಿಚ್ಚದ ಒಂದು ಯೂನಿಫಾರ್ಮು.

"ಇದನ್ನ ಹಾಕ್ಕೊಂಡು ಮಧ್ಯಾಹ್ನದವರೆಗೆ ಕೂತಿರಿ ಸಾರ್. ಎರಡೂ ಕೈ ಮುಂದೆ ಇರ್ಲಿ. ಆಮೇಲೂ ಖಾಲಿ ಮಾಡು ಅಂದ್ರೆ ಮಾಡ್ತೀನಿ."

ಮ್ಯಾನೇಜರು ಹಟದ ಮನುಷ್ಯ. ಒಂದು ಅಂಗಿಗೆ ಹೆದರುವುದುಂಟೇ ಎಂದು ತೊಟ್ಟೇಬಿಟ್ಟರು. ಹತ್ತು ಗಂಟೆಗೆ ಹೊಟ್ಟೆಯ ಗುಂಡಿ ಬಿಚ್ಚಿದರಂತೆ. ಹನ್ನೊಂದಕ್ಕೆ ಎದ್ದು ಓಡಾಡಿದರಂತೆ. ಲಾರಿಯಲ್ಲಿ ಎದ್ದು ಓಡಾಡಲು ಜಾಗವಿಲ್ಲ ಎಂದು ಬಾಗಿಲ ಬಳಿಯಿಂದ ಯಾರೋ ನೆನಪಿಸಿದರಂತೆ. ಹನ್ನೆರಡೂವರೆಗೆ, ಮೇಜಿನಾಚೆಯ ಕಡತಕ್ಕೆ ಕೈ ಚಾಚಿದಾಗ, ಬೆನ್ನಿನ ಹೊಲಿಗೆ ಪರ್‍ರೆಂದಿತು. ಆಫೀಸಿನಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಎತ್ತಿದ್ದರೆ ನಗು ತಡೆಯಲಾಗುತ್ತಿರಲಿಲ್ಲ.

ಮಧ್ಯಾಹ್ನ ಮ್ಯಾನೇಜರೇ ಟಯರು ಕೋಣೆಗೆ ಬಂದರು. "ಹತ್ತು ಜನಕ್ಕೆ ಹೊಲಿದುಕೊಡಿ. ದೂರದ ಟ್ರಿಪ್ಪಿಗೆ ಕಳಿಸ್ತೀನಿ. ವಾಪಸ್ ಬರುವಾಗಲೂ ಅವರ ಮೈಮೇಲೆ ಅದೇ ಇದ್ರೆ ಇಪ್ಪತ್ತಮೂರು ಜನದ ಟ್ರಿಪ್ಪೂ ಇರುತ್ತೆ, ನಿಮ್ಮ ಕೋಣೆನೂ ಇರುತ್ತೆ. ಇಲ್ಲಾಂದ್ರೆ ನನ್ನನ್ನ ಮತ್ತೆ ಕೇಳ್ಬೇಡಿ."

ಹೊಸ ಬಟ್ಟೆ ಕೊಡಲಿಲ್ಲ. ಹಳೆಯ ಎರಡು ಯೂನಿಫಾರ್ಮು ಬಿಚ್ಚಿ ಒಂದು ಮಾಡಬೇಕು. ಗುಜರಿಯಿಂದ ಆ ಸೀಟನ್ನು ಉದ್ದಣ್ಣ ಹೊತ್ತು ತಂದ. ಹತ್ತು ಜನರೂ ಸರದಿಯಲ್ಲಿ ಅದರ ಮೇಲೆ ಕೂತು ಅಳತೆ ಕೊಟ್ಟರು. ಗುಂಡಿಯಕ್ಕ ಬೆನ್ನಿಗೆ ಎರಡು ನೆರಿಗೆ ಇಟ್ಟರು, ಎದೆಯ ಜೇಬನ್ನು ಬೆಲ್ಟು ಹಾಯದ ಕಡೆಗೆ ಸರಿಸಿದರು, ಪ್ಯಾಂಟಿನ ಹಿಂದಿನ ಜೇಬನ್ನು ತೊಡೆಯ ಪಕ್ಕಕ್ಕೆ ತಂದರು. ಚಾಲಕರ ಕಿಟಕಿ ಕಡೆಯ ತೋಳು ಮಾತ್ರ ಬಿಸಿಲಿಗೆ ಕಪ್ಪಾಗುವುದನ್ನು ನೋಡಿ, ತೋಳಿಗೆ ಮಡಚಿಡುವ ಪಟ್ಟಿ ಕೊಟ್ಟರು, ಬೇಕಾದಾಗ ಒಂದು ಕಡೆಯದನ್ನಷ್ಟೇ ಇಳಿಸಿಕೊಳ್ಳುವಂತೆ. ಒಂಬತ್ತು ದಿನದಲ್ಲಿ ಹತ್ತು ಜೊತೆ ಮುಗಿಯಿತು. ಬೆರಳಿನ ತುದಿ ಅಕ್ಕಿಕಾಳು ಹಿಡಿಯಲಾರದಷ್ಟು ಒರಟಾಗಿತ್ತು.

ಹತ್ತನೆಯ ಜೊತೆ ಯಜಮಾನರದ್ದು. ಅದನ್ನು ಅವರು ಚೀಲಕ್ಕೆ ತುರುಕಿಕೊಂಡು, ಚೌಕಳಿ ಅಂಗಿಯಲ್ಲೇ ಲಾರಿ ಹತ್ತಿದರು. "ಮನೇಲಿ ನೀನು ಹೇಳ್ದಂಗೆ ಕೇಳ್ತೀನಿ. ಲಾರೀಲೂ ಕೇಳ್ಬೇಕಾ?" ಎಂದದ್ದು ಇಡೀ ಡಿಪೋಗೆ ಕೇಳಿಸಿತು.

ಮೂರನೆಯ ದಿನ ಹೊತ್ತು ಏರುತ್ತಿದ್ದಂತೆ ಗುಂಡಿಯಕ್ಕ ಗೇಟಿನಲ್ಲಿ ಬಂದು ನಿಂತರು. ಪಕ್ಕದಲ್ಲಿ ಮ್ಯಾನೇಜರು. ಮೊದಲು ಬಂದದ್ದು ಉದ್ದಣ್ಣನ ಲಾರಿ. ಕಿಟಕಿಯ ಮೇಲೆ ಒರಗಿದ್ದ ಕೈಯಲ್ಲಿ ಇಳಿಬಿಟ್ಟ ಬೂದಿ ನೀಲಿ ತೋಳು. ಎರಡನೆಯದು, ಮೂರನೆಯದು. ಒಂಬತ್ತನೆಯ ಲಾರಿಯವರೆಗೂ ನೀಲಿಯೇ. ಹತ್ತನೆಯ ಲಾರಿ ತಿರುವಿನಲ್ಲಿ ಕಂಡಾಗ ಮುಂದಿನ ಗಾಜಿನ ಹಿಂದೆ ಚೌಕಳಿ ಹೊಳೆಯಿತು.

ಲಾರಿ ಹತ್ತಿರ ಬಂತು. ಯಜಮಾನರ ಮೈಮೇಲೆ ಹೊಸ ಅಂಗಿ. ಹನ್ನೊಂದು ವರ್ಷದ ಚೌಕಳಿ ಅವರ ಕೈಯಲ್ಲಿತ್ತು. ಅದರಿಂದ ಗಾಜಿನ ಮಂಜು ಒರೆಸುತ್ತಿದ್ದರು.

ಇಳಿದವರೇ ಎಲ್ಲರಿಗೂ ಕೇಳುವಂತೆ, "ಹೆಂಡ್ತಿ ಹೊಲಿದ್ಲು ಅಂತ ಹಾಕ್ಕೊಂಡಿಲ್ಲ. ಬೆನ್ನು ನೋಯ್ಲಿಲ್ಲ, ಅದಕ್ಕೆ ಹಾಕ್ಕೊಂಡೆ," ಎಂದರು. ಹತ್ತು ಲಾರಿಗಳ ಹಾರ್ನುಗಳು ಒಟ್ಟಿಗೆ ಮೊಳಗಿದವು. ಮ್ಯಾನೇಜರು ಟಯರು ಕೋಣೆಯನ್ನೊಮ್ಮೆ ನೋಡಿ, ಇಲ್ಲಿ ಇನ್ನೊಂದು ಯಂತ್ರ ಹಿಡಿಸುವುದಿಲ್ಲವಲ್ಲ ಎಂದರು. ಆ ತಿಂಗಳೇ ಹಿಂದಿನ ಗೋಡೆ ಒಡೆದು ಕೋಣೆ ದೊಡ್ಡದಾಯಿತು, ಸೋರುವ ಮಾಡು ಹೋಯಿತು, ಎರಡನೆಯ ಯಂತ್ರ ಬಂತು.

ಈಗ ಕಂಪನಿಯ ಇನ್ನೆರಡು ಡಿಪೋಗಳಿಗೂ ಗುಂಡಿಯಕ್ಕ ಕತ್ತರಿಸಿದ ಕಾಗದದ ಅಳತೆಯೇ ಹೋಗುತ್ತದೆ. ಪ್ರತಿ ಕಟ್ಟಿನ ಮೇಲೂ ಅವರು ದಪ್ಪ ಅಕ್ಷರದಲ್ಲಿ 'ಕೂರಿಸಿ ಅಳೆಯಿರಿ' ಎಂದು ಬರೆಯುತ್ತಾರೆ. ಅಲ್ಲಿನ ಚಾಲಕರಿಗೆ ಇದು ಯಾರ ಕೈಚಳಕವೆಂದು ಗೊತ್ತಿಲ್ಲ. ಅಂಗಿಯ ಮೇಲೆ ಗುಂಡಿಯಕ್ಕನ ಹೆಸರಿಲ್ಲ. ಹಾಕಿಸಬಹುದಿತ್ತಲ್ಲ ಎಂದರೆ ಅವರಿಗೆ ನಗು. ಕಾಲರಿನೊಳಗಿದ್ದ ಕಂಪನಿಯ ಚೀಟಿಯನ್ನೇ ಅವರು ಬೇಡವೆಂದು ತೆಗೆಸಿದ್ದಾರೆ.

"ಹೆಸರು ಹಾಕಿದ್ರೆ ಕುತ್ತಿಗೆಗೆ ಚುಚ್ಚುತ್ತೆ."

ಏಳೂವರೆ. ಕೊನೆಯ ಲಾರಿ ಗೇಟು ದಾಟಿದೆ. ಚಹಾ ಅಂಗಡಿಯ ತಿರುವಿನಲ್ಲಿ ಈಗ ಯಾವ ಅಂಗಿಯೂ ಹಾರುವುದಿಲ್ಲ. ರಜೆಯ ದಿನ ನೆಂಟರ ಮನೆಗೂ ಯೂನಿಫಾರ್ಮಿನಲ್ಲೇ ಹೋಗುವ ಚಾಲಕರಿದ್ದಾರೆ, ಯಜಮಾನರು ಅವರಲ್ಲಿ ಮೊದಲಿಗರು. ಗುಂಡಿಯಕ್ಕ ಯಂತ್ರಕ್ಕೆ ಎಣ್ಣೆ ಬಿಟ್ಟು, ಹೊಸ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಾರೆ. ಇನ್ನೇನಾದರೂ ಆಸೆಯಿದೆಯೇ ಎಂದು ಕೇಳಿದರೆ ಕೈ ನಿಲ್ಲಿಸದೆಯೇ ಉತ್ತರಿಸುತ್ತಾರೆ.

ಹದಿಮೂರು ವರ್ಷ ಗೇಟಿನಲ್ಲಿ ಕೂತರೂ ಅವರು ಒಮ್ಮೆಯೂ ಲಾರಿ ಹತ್ತಿಲ್ಲ. ಚಾಲಕರು ಹೇಳಿದ್ದನ್ನು ಕೇಳಿ, ಈ ಗುಜರಿ ಸೀಟನ್ನು ನೋಡಿ ಹೊಲಿದದ್ದಷ್ಟೇ. ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಯಜಮಾನರ ಪಕ್ಕದ ಸೀಟಿನಲ್ಲಿ ಕೂತು ಹೋಗಬೇಕು, ಇನ್ನೂ ಎಲ್ಲಿ ಹಿಡಿಯುತ್ತದೆ, ಎಲ್ಲಿ ಚುಚ್ಚುತ್ತದೆ ಎಂದು ತಾವೇ ತಿಳಿಯಬೇಕು. ಕಂಪನಿಗೆ ಅರ್ಜಿ ಕೊಟ್ಟಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.

ಗೋಡೆಯ ಅಂಗಿಗಳ ಸಾಲಿನ ಕೊನೆಯಲ್ಲಿ, ಉಳಿದೆಲ್ಲಕ್ಕಿಂತ ಚಿಕ್ಕದಾದ ಒಂದು ಅಂಗಿ ಇಸ್ತ್ರಿಯಾಗಿ ನೇತಾಡುತ್ತಿದೆ. ಅದು ಯಾರದೆಂದು ಕೇಳಿದಾಗ ಅವರು ದಾರವನ್ನು ಹಲ್ಲಿನಲ್ಲಿ ಕಚ್ಚಿ ಕತ್ತರಿಸುತ್ತಾರೆ.

"ನಂದೇ. ಆ ಸೀಟ್ ಮೇಲೆ ನಾನು ಕೂತೆ, ಟೇಪು ನಮ್ಮ ಯಜಮಾನ್ರು ಹಿಡಿದ್ರು. ಕಂಪನಿ ಕರೆದ ದಿನ ಹಾಕ್ಕೊಂಡು ಹತ್ತೋದೇ."