ಗೋಡೆಯ ಮೇಲೆ ನಿನ್ನೆಯ ಬಂಗಡೆ

“ಎಂತ ಮಾಸ್ತರ್ರೇ, ಇದು ನಿನ್ನೆ ಬಂಗಡೆ! ಕಣ್ಣು ಬಿಳಿ ಆತು ನೋಡಿ. ಯಾರು ತಕಂತ್ರು?”

ಮೀನು ಮಾರುವ ಹೆಂಗಸು ಹೀಗೆಂದಾಗ ಹೈಸ್ಕೂಲು ಹುಡುಗಿಯರಾದ ನಾವು ಒಂದು ಹೆಜ್ಜೆ ಹಿಂದೆ ಸರಿದೆವು. ಎಪ್ಪತ್ತರ ದಶಕದ ಕುಮಟಾ. ಪೇಟೆಯ ಗೋಡೆಚಿತ್ರಗಳನ್ನೆಲ್ಲ ನಮ್ಮನ್ನು ನಡೆಸಿಕೊಂಡೇ ಹೋಗಿ ತೋರಿಸಿದ ಡ್ರಾಯಿಂಗ್ ಮಾಸ್ತರು, ಕೊನೆಗೆ ಮೀನು ಮಾರುಕಟ್ಟೆಯ ಗೋಡೆಗೆ ತಾವೇ ಬರೆದ ಬಂಗಡೆ ಮೀನಿನ ಚಿತ್ರದ ಮುಂದೆ ಹೆಮ್ಮೆಯಿಂದ ನಿಂತಿದ್ದರು. ಅವರ ಸಿಟ್ಟು ನಮಗೆ ಗೊತ್ತಿತ್ತು. ಆದರೆ ಅವರು ಆಕೆಯ ಬುಟ್ಟಿ ಇಳಿಸಿಕೊಂಡು, ಒಳಗಿದ್ದ ಮೀನಿನ ಕಣ್ಣನ್ನೇ ದಿಟ್ಟಿಸಿದರು. ಚೀಲದಿಂದ ಕುಂಚ, ಬಣ್ಣ ತೆಗೆದು ಗೋಡೆಯ ಕಣ್ಣಿಗೆ ಕಪ್ಪು ತುಂಬಿ, ಅಂಚಿಗೊಂದು ಹೊಳಪಿನ ಚುಕ್ಕೆ ಇಟ್ಟರು. ಅಬ್ಬಾ, ಮೀನು ನಮ್ಮನ್ನೇ ನೋಡಿತು!

“ಹಾಂ, ಈಗ ತಾಜಾ ಆತು,” ಎಂದಳು ಆಕೆ. ನಾವು ಕುಣಿದಾಡಿಬಿಟ್ಟೆವು.

ಮುಂದೆ ನಾನೂ ಡ್ರಾಯಿಂಗ್ ಟೀಚರಾದೆ. ಚಿತ್ರ ಮುಗಿಸಿದಾಗಲೆಲ್ಲ ಇಂದಿಗೂ ನನ್ನನ್ನೇ ಕೇಳಿಕೊಳ್ಳುತ್ತೇನೆ: ತಾಜಾ ಆತಾ?