ಇರುವೆಯ ನಾಲ್ಕು ಪ್ರತಿಗಳು

ದೊಡ್ಡಮ್ಮನ ಎಡಗೈ ತೋರುಬೆರಳಿಗೆ ಮೇಲಿನ ಗೆಣ್ಣು ಇರಲಿಲ್ಲ. ಯಾರಾದರೂ ಕೇಳಿದರೆ "ಕಟಿಂಗ್ ಮೆಷಿನ್ನಿಗೆ ಹಸಿವಾಗಿತ್ತು, ಕೊಟ್ಟೆ" ಎನ್ನುತ್ತಿದ್ದಳು. ನಿಜ ಬೇರೆ. ಮದುವೆಯಾದ ಎರಡನೆಯ ವರ್ಷ, ಅವಳು ಹಾಳೆಯ ಕಟ್ಟನ್ನು ಬ್ಲೇಡಿನ ಕೆಳಗೆ ಸರಿಮಾಡಿ ಇಡುತ್ತಿದ್ದಾಗ ಗಂಡ ಯಾವುದೋ ಸಿಟ್ಟಿಗೆ ಮೆಷಿನ್ನಿನ ಹಿಡಿ ಎಳೆದುಬಿಟ್ಟಿದ್ದ. ಆಮೇಲೆ ಕಪಾಳಕ್ಕೆ ಎರಡು ಬಿಗಿದಿದ್ದ. ಬೆರಳು ಹೋದದ್ದಕ್ಕಲ್ಲ, ಇಪ್ಪತ್ತು ಹಾಳೆಗೆ ರಕ್ತ ಹತ್ತಿದ್ದಕ್ಕೆ. ಅವನು ಸತ್ತು ಹದಿನೆಂಟು ವರ್ಷವಾಗಿದ್ದರೂ ಬೈಂಡಿಂಗ್ ಅಂಗಡಿಯ ಬೋರ್ಡಿನ ಮೇಲೆ ಇನ್ನೂ ಅವನ ಹೆಸರೇ ಇತ್ತು. ಒಳಗೆ ಹೊಲಿಯುವ ಕೈ ಮಾತ್ರ ಇವಳದು.

ಅಂಗಡಿ ವಿಶ್ವವಿದ್ಯಾಲಯದ ಹಿಂದಿನ ಗೇಟಿನ ಎದುರಿಗೆ, ಓಣಿಯೊಂದಕ್ಕೆ ಬಾಗಿಲು ಇಟ್ಟಂತೆ ಉದ್ದಕ್ಕೆ ಕಿರಿದಾಗಿತ್ತು. ದೊಡ್ಡಮ್ಮ ಶಾಲೆಯ ಮುಖ ನೋಡಿದ್ದು ಒಂದೂವರೆ ವರ್ಷ. ಆದರೆ ಸಂಶೋಧನೆ ಮಾಡಿ ಮಾಸ್ಟರ್ಸ್ ಪದವಿ ತೆಗೆದುಕೊಳ್ಳುವವರ ನಿಯಮಗಳೆಲ್ಲ ಅವಳಿಗೆ ಬಾಯಿಪಾಠ. ಹಾಳೆಯ ಎಡಕ್ಕೆ ಒಂದೂವರೆ ಇಂಚು ಬಿಡಬೇಕು, ಇಲ್ಲದಿದ್ದರೆ ಹೊಲಿಗೆ ಅಕ್ಷರ ನುಂಗುತ್ತದೆ. ಕಪ್ಪು ಬಟ್ಟೆಯ ರಟ್ಟು, ಪ್ರಬಂಧದ ನಾಲ್ಕು ಪ್ರತಿ. ಇದು ನನ್ನದೇ ಕೆಲಸ, ಯಾರದನ್ನೂ ಕದ್ದಿಲ್ಲ ಎಂಬ ಘೋಷಣೆ ಮೊದಲ ಹಾಳೆಗೆ. ಎರಡು ವರ್ಷದೊಳಗೆ ಒಪ್ಪಿಸಬೇಕು. ಆರು ತಿಂಗಳಿಗೊಮ್ಮೆ ಪ್ರಗತಿ ವರದಿ ಕೊಟ್ಟಿರಬೇಕು. ಕಾರಣ ಗಟ್ಟಿಯಾಗಿದ್ದರೆ ಒಂದೇ ಒಂದು ಸಲ ಆರು ತಿಂಗಳ ಮುಂದೂಡಿಕೆ. ಕೊನೆಯ ದಿನ ಸಂಜೆ ಐದು ದಾಟಿತೋ, ಹೆಸರು ಕಿತ್ತುಹಾಕುತ್ತಾರೆ. ಮೂಲೆಯಲ್ಲಿ ಸೂಜಿ ಹಿಡಿದು ಕೂತ ಮುದುಕಿಯ ಎದುರು ಹುಡುಗರು ಅತ್ತುಕೊಂಡು, ಬೈದುಕೊಂಡು ಹೇಳಿದ್ದನ್ನೆಲ್ಲ ಅವಳ ಕಿವಿ ಹಿಡಿದಿಟ್ಟಿತ್ತು.

ಆ ದಿನ ಹನ್ನೊಂದು ಗಂಟೆಗೆ ಬಂದವಳು ಇರುವೆ. ಇರುವೆಗಳು ದಾರಿ ಹುಡುಕುವ ಬಗೆಯ ಮೇಲೆ ಓದುತ್ತಿದ್ದುದರಿಂದ ದೊಡ್ಡಮ್ಮನೇ ಇಟ್ಟ ಹೆಸರದು. ಅವಳ ಗಂಡನೂ ಅದೇ ವಿಭಾಗದವನು, ಅವಳು ಸೇರಿದ ದಿನವೇ ಸೇರಿದವನು. ಅವನದು ಗೆದ್ದಲಿನ ಮೇಲೆ. ಅವನಿಗೆ ದೊಡ್ಡಮ್ಮ ಏನು ಹೆಸರಿಟ್ಟಿದ್ದಳೆಂದು ಬೇರೆ ಹೇಳಬೇಕಿಲ್ಲ.

ಗೆದ್ದಲು ಒಂದೇ ಒಂದು ಪ್ರಗತಿ ವರದಿ ಕೊಡಲಿಲ್ಲ. ಹಾಗಾಗಿ ಎರಡು ವರ್ಷ ತುಂಬಿದ ದಿನ ಅವನ ಹೆಸರು ಹೋಯಿತು. ಅದಕ್ಕೆ ಹದಿನೈದು ದಿನ ಮೊದಲು ಅವನು ಹೆಂಡತಿಯನ್ನು ಮಹಡಿ ಮೆಟ್ಟಿಲಿನಿಂದ ಒದ್ದು ಕೆಡವಿದ್ದ. ಎರಡು ಪಕ್ಕೆಲುಬು ಮುರಿದಿತ್ತು. ಆಸ್ಪತ್ರೆಯ ಪತ್ರ ನೋಡಿ ಅವಳಿಗೆ ಆರು ತಿಂಗಳ ಮುಂದೂಡಿಕೆ ಸಿಕ್ಕಿತು. ಆ ಆರು ತಿಂಗಳು ಮುಗಿಯುವುದು ಈ ಸಂಜೆ ಐದಕ್ಕೆ. ಗೈಡ್ ಸಹಿ ಹಾಕಿಕೊಟ್ಟದ್ದು ಬೆಳಿಗ್ಗೆ ಹತ್ತೂವರೆಗೆ.

"ಆಗುತ್ತಾ ದೊಡ್ಡಮ್ಮ?"

"ನನ್ನ ಕೈ ಆಗುತ್ತೆ ಅನ್ನುತ್ತೆ. ಅಂಟು ಏನನ್ನುತ್ತೋ ನೋಡಬೇಕು. ಮೂರು ಗಂಟೆಯಾದರೂ ಪ್ರೆಸ್ಸಲ್ಲಿ ಬಿಗಿದಿಡದಿದ್ರೆ ರಟ್ಟು ಹಪ್ಪಳದ ಹಾಗೆ ಬಾಗುತ್ತೆ. ಕೂತ್ಕೋ, ದಾರಕ್ಕೆ ಮೇಣ ಉಜ್ಜು."

ಮಧ್ಯಾಹ್ನ ಒಂದರ ಹೊತ್ತಿಗೆ ನಾಲ್ಕೂ ಪ್ರತಿ ಪ್ರೆಸ್ಸಿಗೆ ಹೋದವು. ನಾಲ್ಕಕ್ಕೆ ಹೊರಗೆ ಬಂದವು. ದೊಡ್ಡಮ್ಮ ಬಟ್ಟೆಯಿಂದ ರಟ್ಟು ಒರೆಸುತ್ತಿದ್ದಾಗ ಬಾಗಿಲಿನ ಬೆಳಕು ಮುಚ್ಚಿಕೊಂಡಿತು.

ಗೆದ್ದಲು ಒಳಗೆ ಬಂದವನೇ ಮೇಜನ್ನು ಒದ್ದ. ಅಂಟಿನ ಡಬ್ಬಿ, ದಬ್ಬಳ, ಪುಸ್ತಕಗಳು ಎಲ್ಲ ನೆಲಕ್ಕೆ ಬಿದ್ದವು. ಅಡ್ಡ ಬಂದ ದೊಡ್ಡಮ್ಮನನ್ನು ಎದೆಗೆ ಕೈಕೊಟ್ಟು ನೂಕಿದ ರಭಸಕ್ಕೆ ಅವಳು ರಟ್ಟಿನ ರಾಶಿಯ ಮೇಲೆ ಮಗುಚಿಬಿದ್ದಳು. ಇರುವೆ ಪ್ರತಿಗಳನ್ನು ಬಾಚಿ ಎದೆಗವಚಿಕೊಂಡು ಮೂಲೆಗೆ ಸರಿದಳು.

"ಹುತ್ತ ಕಟ್ಟಿದೋನು ನಾನು, ಹಾವಿನ ಹಾಗೆ ಬಂದು ಸೇರ್ಕೊಂಡೋಳು ನೀನು! ಲ್ಯಾಬಲ್ಲಿ ಗಾಜಿನ ಪೆಟ್ಟಿಗೆ ಜೋಡಿಸಿದ್ದು ಯಾರೇ?"

"ಪೆಟ್ಟಿಗೆ ನೀವು ಜೋಡಿಸಿದ್ರಿ. ಇರುವೆ ಎಣಿಸಿದ್ದು ನಾನು."

"ಎದುರು ಮಾತು ಬೇರೆ! ಆ ಆರು ತಿಂಗಳು ಎಲ್ಲಿಂದ ಬಂತು ಹೇಳು! ನಾನು ಒದ್ದಿದ್ದಕ್ಕೆ ಬಂತು. ನನ್ನ ಕಾಲಿನ ಪ್ರಸಾದ ಕಣೇ ಅದು!"

ಅವಳ ಜಡೆ ಕೈಗೆ ಸುತ್ತಿಕೊಂಡು ತಲೆಯನ್ನು ಗೋಡೆಗೆ ಅಪ್ಪಳಿಸಿದ. ಒಂದು ಸಲ, ಮತ್ತೊಂದು ಸಲ. ಹುಬ್ಬು ಒಡೆದು ರಕ್ತ ಕೆನ್ನೆಗೆ ಇಳಿಯಿತು. ಆಗಲೂ ಅವಳು ಪುಸ್ತಕ ಬಿಡಲಿಲ್ಲ. ಬಿಡದ ಬಲಗೈಯನ್ನು ಹಿಡಿದು ಜಗ್ಗಿ, ಖಾಲಿಯಿದ್ದ ಪ್ರೆಸ್ಸಿನ ಎರಡು ಕಬ್ಬಿಣದ ಹಲಗೆಗಳ ನಡುವೆ ತುರುಕಿ, ಮೇಲಿನ ಚಕ್ರವನ್ನು ತಿರುಗಿಸಿದ. "ಬರೀ ಈಗ! ಅದೇನು ಬರೀತೀಯೋ ಬರೀ!"

ಒಣಕಡ್ಡಿ ಮುರಿದ ಸದ್ದು. ಇರುವೆಯ ಬಾಯಿಂದ ಬಂದದ್ದು ಕೂಗಲ್ಲ, ಬರೀ ಉಸಿರು.

ದೊಡ್ಡಮ್ಮ ಎದ್ದಳು. ಪುಸ್ತಕದ ಬೆನ್ನನ್ನು ಬಡಿದು ದುಂಡಗೆ ಮಾಡುವ ಸುತ್ತಿಗೆ ಕಾಲ ಬಳಿಯೇ ಬಿದ್ದಿತ್ತು. ಗಂಡನ ಕಾಲದಲ್ಲೂ ಅದು ಅವಳ ಕೈಯಲ್ಲೇ ಇದ್ದದ್ದು. ಆಗ ಒಂದು ದಿನವೂ ಅದು ಪುಸ್ತಕ ಬಿಟ್ಟು ಬೇರೆಡೆಗೆ ಎದ್ದಿರಲಿಲ್ಲ. ಈಗ ಎದ್ದಿತು. ಮೊದಲ ಏಟು ಗೆದ್ದಲಿನ ಹೆಗಲಿಗೆ ಬಿತ್ತು. ಅವನ ಕೈ ಚಕ್ರ ಬಿಟ್ಟು ಜೋತಾಡಿತು. ಅವನು ತಿರುಗಿದ. ಎರಡನೆಯದು ಮಂಡಿಚಿಪ್ಪಿಗೆ. ಚೆಲ್ಲಿದ ಅಂಟಿನಲ್ಲಿ ಬಿದ್ದು, ಹೆತ್ತಮ್ಮನನ್ನು ಕರೆಯುತ್ತ ಹೊರಳಾಡಿದ.

ದೊಡ್ಡಮ್ಮ ಚಕ್ರವನ್ನು ಹಿಂದಕ್ಕೆ ತಿರುಗಿಸಿದಳು. ಮೂರು ಬೆರಳು ಮೂರು ದಿಕ್ಕಿಗೆ ಹೋಗಿದ್ದವು. ರಟ್ಟಿಗೆ ಹಾಕುವ ಬಟ್ಟೆಯನ್ನೇ ಹರಿದು ಸುತ್ತಿದಳು.

"ಆಸ್ಪತ್ರೆಗೋ, ಆಫೀಸಿಗೋ?"

"ಗಂಟೆ ಎಷ್ಟು?"

"ನಾಲ್ಕೂ ಇಪ್ಪತ್ತು."

"ಆಫೀಸಿಗೆ," ಎಂದಳು ಇರುವೆ.

ಪರೀಕ್ಷಾ ವಿಭಾಗ ಮೂರನೆಯ ಮಹಡಿ. ಪುಸ್ತಕಗಳನ್ನು ಸೊಂಟಕ್ಕೆ ಏರಿಸಿಕೊಂಡು ದೊಡ್ಡಮ್ಮ ಮುಂದೆ, ಎಡಗೈಯಲ್ಲಿ ಮೆಟ್ಟಿಲಿನ ಕಂಬಿ ಹಿಡಿದು ಇರುವೆ ಹಿಂದೆ. ಪ್ರತಿ ಮಹಡಿಯಲ್ಲೂ ಅವಳು ಒಮ್ಮೆ ಕೂತಳು, ಒಂದು ಕಡೆ ವಾಂತಿಯನ್ನೂ ಮಾಡಿಕೊಂಡಳು. ವಿಭಾಗದ ಮೇಲ್ವಿಚಾರಕರ ಮೇಜಿಗೆ ಪ್ರತಿಗಳು ಮುಟ್ಟಿದಾಗ ಐದಕ್ಕೆ ಹದಿನಾರು ನಿಮಿಷ ಇತ್ತು.

ಅವರು ಹಾಳೆ ಎಣಿಸಿದರು. ಅಂಚು ಅಳೆದರು. "ಈ ಪ್ರತಿಯ ಬದಿಗೆ ಏನಿದು ಕೆಂಪು?"

"ಬಣ್ಣ ಹಾಕಿದೀನಿ ಸ್ವಾಮಿ. ಹಳೇ ಕಾಲದ ಬೈಂಡಿಂಗು."

ಮೇಲ್ವಿಚಾರಕರು ಕನ್ನಡಕದ ಮೇಲಿಂದ ಹುಡುಗಿಯ ಹುಬ್ಬನ್ನೂ ಕೈಯನ್ನೂ ನೋಡಿದರು. ದಾಖಲೆ ಪುಸ್ತಕವನ್ನು ಅವಳ ಕಡೆ ತಿರುಗಿಸಿದರು. "ಸಹಿ ಮಾಡಮ್ಮ."

ಇರುವೆ ಎಡಗೈಯಲ್ಲಿ ಪೆನ್ನು ಹಿಡಿದಳು.

"ಉಹೂಂ. ಸೇರಿದ ದಿನದ ಸಹಿಗೆ ಇದು ಹೊಂದಬೇಕು. ಎಡಗೈ ಗೀಚಿದ್ರೆ ಹೊಂದಲ್ಲ. ನಿಯಮ ನಂದಲ್ಲಮ್ಮ."

"ಕೈ ಮುರಿದೋರು ಏನು ಮಾಡಬೇಕು ಅಂತ ನಿಯಮದಲ್ಲಿ ಬರೆದಿದ್ಯಾ?" ದೊಡ್ಡಮ್ಮ ಕೇಳಿದಳು.

ಅವರು ನಿಯಮದ ಪುಸ್ತಕ ತೆಗೆದು ಹಾಳೆ ಮಗುಚಿದರು. ಆತುರವಿಲ್ಲದ ಬೆರಳು. ಗೋಡೆಯ ಗಡಿಯಾರ ಒಂಬತ್ತು ನಿಮಿಷ ಉಳಿಸಿತ್ತು. "ಬರೆದಿಲ್ಲ."

"ಹಾಗಾದ್ರೆ ಬೇಡ ಅಂತಾನೂ ಬರೆದಿಲ್ಲ. ಹೆಬ್ಬೆಟ್ಟು ಒತ್ತಿಸಿಕೊಳ್ಳಿ. ಮನೆ ಪತ್ರಕ್ಕೆ ನಾನು ಹಾಗೇ ಮಾಡಿದ್ದು. ಅಕ್ಷರ ಬಲ್ಲ ಇಬ್ಬರು ಸಾಕ್ಷಿ ಹಾಕಿದ್ರು, ಸರ್ಕಾರ ಒಪ್ಪಿತು."

"ಮಾಸ್ಟರ್ಸ್ ಓದಿದೋಳು ಹೆಬ್ಬೆಟ್ಟು ಒತ್ತೋದಾ? ನೋಡಿದೋರು ನಗ್ತಾರಮ್ಮ!"

"ನಗಲಿ ಬಿಡಿ. ನಕ್ಕರೆ ಅವರ ಹಲ್ಲು ಕಾಣುತ್ತೆ. ಇವಳ ಹೆಸರೇನೂ ಹೋಗಲ್ಲ."

ಇರುವೆ ಆ ಹೊತ್ತಿಗೆ ತನ್ನ ಎಡ ಹೆಬ್ಬೆರಳನ್ನು ಮೊಹರಿನ ಶಾಯಿಗೆ ಒತ್ತಿಯಾಗಿತ್ತು. "ಎಲ್ಲಿ ಸಾರ್?" ಎಂದಳು.

ಬಾಗಿಲಲ್ಲಿ ಜವಾನ ಇಣುಕಿದ. "ಸಾರ್, ಟೈಮಾಯ್ತು. ಬಾಗಿಲು ಹಾಕ್ಲಾ?"

"ಬಾಗಿಲು ಆಮೇಲೆ ಹಾಕೋವಂತೆ, ಮೊದಲು ಸಹಿ ಹಾಕು ಬಾಪ್ಪ," ಎಂದಳು ದೊಡ್ಡಮ್ಮ.

ಜವಾನ ಮೇಲ್ವಿಚಾರಕರ ಮುಖ ನೋಡಿದ. ಅವರು ಗಡಿಯಾರ ನೋಡಿದರು, ಹುಡುಗಿಯ ಕಪ್ಪಾದ ಹೆಬ್ಬೆರಳು ನೋಡಿದರು, ಕೊನೆಗೆ ಖಾಲಿ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ಅವಳು ಒತ್ತಿದಳು. ಕೆಳಗೆ ಜವಾನ ನಿಧಾನವಾಗಿ ತನ್ನ ಹೆಸರು ಬರೆದ. ಅದರ ಕೆಳಗೆ ಮೇಲ್ವಿಚಾರಕರೇ ಸಹಿ ಹಾಕಿ, ನಾಲ್ಕು ಐವತ್ತೇಳು ಎಂದು ಬರೆದು, ಸ್ವೀಕೃತಿ ಪತ್ರಕ್ಕೆ ಮೊಹರು ಗುದ್ದಿದರು.

ಪತ್ರವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಇರುವೆ ಎಡಗೈಯಿಂದ ಮೇಜಿಗೆ ಆತುಕೊಂಡಳು. ಜವಾನ ಸ್ಟೂಲು ತಳ್ಳಿದ. ಅಷ್ಟರಲ್ಲಿ ಮೆಟ್ಟಿಲಲ್ಲಿ ಬೂಟಿನ ಸದ್ದು. ಇಬ್ಬರು ಪೊಲೀಸರು.

"ಬೈಂಡಿಂಗ್ ಅಂಗಡೀಲಿ ಒಬ್ಬನ ಹೆಗಲು, ಮಂಡಿ ಪುಡಿಯಾಗಿದೆ. ಹೊಡೆದಿದ್ದು ಯಾರು?"

"ನಾನು," ಎಂದಳು ಇರುವೆ.

"ಆ ಕೈಲಾ?" ದೊಡ್ಡಮ್ಮ ರೇಗಿದಳು. "ಸುಳ್ಳು ಹೇಳೋಕೂ ಒಂದು ನೆಟ್ಟಗಿನ ಕೈ ಬೇಕು ಮಗಳೇ. ನಾನು ಕಣಪ್ಪ ಹೊಡೆದಿದ್ದು. ಎರಡು ಏಟು. ಮೂರನೇದೂ ಕೊಡೋದಿತ್ತು, ಇಲ್ಲಿ ಐದು ಗಂಟೆಗೆ ಬಾಗಿಲು ಹಾಕ್ತಾರೆ ಅಂತ ಬಿಟ್ಟು ಬಂದೆ."