ಅತ್ತೆಯ ಅಮಾವಾಸ್ಯೆ, ನನ್ನ ಕಾರಿನ ಗಾಲಿ

ನಲವತ್ತಾರನೆಯ ವಯಸ್ಸಿಗೆ ಕಾರು ಕಲಿತವಳು ನಾನು. ಕೊಪ್ಪಳದ ಮನೆಯಿಂದ ಯಲಬುರ್ಗಾ ತಾಲ್ಲೂಕಿನ ನನ್ನ ಶಾಲೆಗೆ ಬಸ್ಸಿನಲ್ಲಿ ನಿಂತು ಹೋಗಿ ಬಂದು ಸೊಂಟ ಬಿದ್ದುಹೋದ ಮೇಲೆ, ಕುಷ್ಟಗಿಯ ಒಬ್ಬ ಮೇಷ್ಟ್ರ ಹಳೆಯ ಕಾರನ್ನು ಮನೆಗೆ ತಂದೆವು. ಮೈಬಣ್ಣ ಮಾಸಿತ್ತು, ಸೀಟು ಹರಿದಿತ್ತು. ಆದರೆ ಗಾಲಿಗಳು ಅಲಾಯ್ ಗಾಲಿಗಳು, ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ನನಗೆ ಅವುಗಳ ಮೇಲೆ ಜೀವ. ಒಡವೆ ಒರೆಸುವುದು ಬಿಟ್ಟು ಗಾಲಿ ಒರೆಸುತ್ತಾಳೆ ಎಂದು ಓಣಿಯವರು ನಗುತ್ತಿದ್ದರು. ನಗಲಿ ಬಿಡಿ.

ನಾನು ಕಾರು ಓಡಿಸುವುದು ನಮ್ಮ ಅತ್ತೆಗೆ ಇಷ್ಟವಿತ್ತೋ ಇಲ್ಲವೋ, ಬಾಯಿಬಿಟ್ಟು ಹೇಳಲಿಲ್ಲ. ಹುಷಾರಾಗಿ ಹೋಗು ಎಂದು ಒಂದು ದಿನವೂ ಅಂದವರಲ್ಲ. ಆದರೆ ಪ್ರತಿ ಅಮಾವಾಸ್ಯೆ ಬೆಳಿಗ್ಗೆ ನಾನು ಹೊರಡುವ ಮೊದಲು ಕಾರಿಗೆ ಪೂಜೆ ಆಗಲೇಬೇಕು. ಅಮಾವಾಸ್ಯೆಗೆ ಲಾರಿ, ಟ್ರ್ಯಾಕ್ಟರ್ ಪೂಜಿಸುವವರು ನಮ್ಮ ಕಡೆ ಎಲ್ಲರೂ. ಅತ್ತೆಯದು ಒಂದು ಕೈ ಹೆಚ್ಚು. ಗಾಲಿಗಳಿಗೆ ವಿಭೂತಿ, ಕುಂಕುಮ ಹಚ್ಚಿ, ಒಡೆದ ಕಾಯಿಯ ನೀರು ಚಿಮುಕಿಸಿ, ಅರ್ಧ ಹೋಳು ನಿಂಬೆಹಣ್ಣು ಹಿಂಡಿ, ಕೊನೆಗೆ ನಾಲ್ಕು ಇಡೀ ಹಣ್ಣುಗಳನ್ನು ಗಾಲಿಗಳ ಮುಂದೆ ಇಡುತ್ತಿದ್ದರು. ಅವುಗಳ ಮೇಲೆ ಹಾಯಿಸಿಕೊಂಡು ನಾನು ಶಾಲೆಗೆ ಹೋಗಬೇಕು. ಆ ದಿನವೆಲ್ಲ ಗಾಲಿ ಒರೆಸುವಂತಿಲ್ಲ.

ಎರಡು ವರ್ಷಕ್ಕೆ ಹೊಳಪು ಹೋಯಿತು. ಗಾಲಿಗಳ ತುಂಬ ಹುಳು ಹರಿದಂಥ ಬಿಳಿ ಗೆರೆಗಳು. ಉಗುರು ತಾಕಿದರೆ ಪುಡಿ ಉದುರುತ್ತಿತ್ತು. ಗಂಗಾವತಿಯಲ್ಲಿ ಕಿಟಕಿಯ ಗ್ರಿಲ್ಲು, ಅಕ್ಕಿ ಗಿರಣಿಯ ಸಾಮಾನುಗಳಿಗೆ ಬಣ್ಣ ಹಾಕುವ ಒಬ್ಬ ಚಾಚಾ ಇದ್ದಾರೆ, ಗಾಲಿಗಳನ್ನೂ ಮಾಡಿಕೊಡುತ್ತಾರೆ ಎಂದು ಕೇಳಿ ಹೋದೆ. ಅವರು ಒಂದೊಂದು ಗಾಲಿಯ ಮುಂದೂ ಕುಕ್ಕರಗಾಲಲ್ಲಿ ಕೂತು ನೋಡಿದರು. ಆಮೇಲೆ ಕೇಳಿದರು, "ಮೇಡಂ, ಅಮಾಸಿ ಪೂಜಿ ಈ ಎಡಗಡೆ ಮುಂದಿನ ಗಾಲಿಯಿಂದ ಚಾಲೂ ಮಾಡ್ತೀರೇನ್ರಿ?"

ನನಗೆ ದಿಗಿಲೇ ಆಯಿತು. ಹೌದು, ಅತ್ತೆ ಅಲ್ಲಿಂದಲೇ ಶುರುಮಾಡುವುದು, ಕಾಯಿ ಒಡೆಯುವುದೂ ಅಲ್ಲೇ. ಹೊಳಪಿನ ಮೇಲೆ ಒಂದು ತೆಳು ಪದರ ಇರುತ್ತದೆ, ರಸ್ತೆಯ ಕಲ್ಲು ಸಿಡಿದು ಅದು ಅಲ್ಲಲ್ಲಿ ಒಡೆದಿದೆ, ಆ ಸಂದಿಯಲ್ಲಿ ನಿಂಬೆರಸ ಇಳಿದು ಒಳಗಿನ ಲೋಹ ತಿಂದಿದೆ ಎಂದು ಚಾಚಾ ವಿವರಿಸಿದರು. ಮೊದಲ ಗಾಲಿಗೆ ರಸ ಧಾರಾಳ ಬಿದ್ದಿದ್ದಕ್ಕೆ ಅದೇ ಹೆಚ್ಚು ಕೆಟ್ಟಿದೆಯಂತೆ. ಏನು ಹಾಕಿದರೆ ಮತ್ತೆ ಹೊಳೆಯುತ್ತದೆ ಎಂದು ಕೇಳಿಕೊಂಡು, ಅವತ್ತು ಕೆಲಸಕ್ಕೆ ಬಿಡದೆ ವಾಪಸು ಬಂದೆ.

ಇಷ್ಟನ್ನು ನಾನು ಹೊಟ್ಟೆಯಲ್ಲಿ ಇಟ್ಟುಕೊಳ್ಳಬಹುದಿತ್ತು. ಇಟ್ಟುಕೊಳ್ಳುವ ಜಾಯಮಾನ ನನ್ನದಲ್ಲ. ಮನೆಗೆ ಬಂದು ಚಪ್ಪಲಿ ಬಿಡುತ್ತಲೇ, "ಅತ್ತಿ, ನಿಮ್ಮ ಪೂಜಿನ ನನ್ನ ಗಾಲಿ ತಿಂದೈತಿ ನೋಡ್ರಿ" ಅಂದುಬಿಟ್ಟೆ. ನಮ್ಮ ಯಜಮಾನರು ಪೇಪರನ್ನು ಇನ್ನಷ್ಟು ಮುಖಕ್ಕೆ ಹತ್ತಿರ ಹಿಡಿದರು. ಅತ್ತೆ ಹೌದಾ ಎಂದಷ್ಟೇ ಹೇಳಿ ರೊಟ್ಟಿ ಬಡಿಯಲು ಹೋದರು.

ಮುಂದಿನ ಅಮಾವಾಸ್ಯೆಗೆ ಅವರು ಹೊರಗೆ ಬರಲಿಲ್ಲ. ಕಾಯಿಯಿಲ್ಲ, ನಿಂಬೆಯಿಲ್ಲ. ಸ್ವಲ್ಪ ಹೊತ್ತು ಕಾರಿನಲ್ಲಿ ಕೂತು ಕಾದೆ, ಆಮೇಲೆ ಹೊರಟೆ. ದೇವರು ದಿಂಡರು ಎಂದು ನಾನೇನೂ ಹೆಚ್ಚು ಹಚ್ಚಿಕೊಂಡವಳಲ್ಲ. ಆದರೂ ಅವತ್ತು ದಾರಿಯುದ್ದಕ್ಕೂ ಮನಸ್ಸು ಬರಿದಾಗಿತ್ತು. ಸಂಜೆ ಬಂದಾಗ ಅತ್ತೆ ಬಾಗಿಲಲ್ಲಿದ್ದರು. ನನ್ನನ್ನು ನೋಡಿ ಒಳಗೆ ಹೋದರು. ಮಧ್ಯಾಹ್ನ ಮೂರರಿಂದ ಅಲ್ಲೇ ನಿಂತಿದ್ದರೆಂದು ಪಕ್ಕದ ಮನೆಯಾಕೆ ಹೇಳಿದಳು. ಸುಡಲಿ ನನ್ನ ಬಾಯಿ ಅನ್ನಿಸಿತು. ಎರಡು ವರ್ಷ ಅವರು ನನಗೆ ಹುಷಾರು ಎಂದು ಹೇಳುತ್ತಿದ್ದದ್ದು ಆ ಪೂಜೆಯಲ್ಲೇ, ಅದನ್ನೇ ನಾನು ನಿಲ್ಲಿಸಿಬಿಟ್ಟಿದ್ದೆ.

ಭಾನುವಾರ ಮತ್ತೆ ಗಂಗಾವತಿಗೆ ಹೋದೆ. ಈ ಸಲ ಯಾವುದು ಹೊಳೆಯುತ್ತದೆ ಎಂದು ಕೇಳಲಿಲ್ಲ, ಯಾವುದು ನಿಂಬೆಹಣ್ಣು ತಾಳುತ್ತದೆ ಎಂದು ಕೇಳಿದೆ. ಚಾಚಾ ನಕ್ಕರು. ಸ್ಪ್ರೇ ಬಣ್ಣ ಹೊಡೆಯಬಹುದು. ಪಾಲಿಶ್ ಮಾಡಿ ಮೇಲೆ ತೆಳುವಾದ ಲ್ಯಾಕರ್ ಪದರ ಹಾಕಬಹುದು. ಇಲ್ಲವೇ ಹಳೆಯದನ್ನೆಲ್ಲ ಕೆರೆದು ತೆಗೆದು, ಪುಡಿಬಣ್ಣ ಕೂರಿಸಿ, ಭಟ್ಟಿಯಲ್ಲಿ ಕಾಯಿಸಿ ಕರಗಿಸುವ ಪೌಡರ್ ಕೋಟಿಂಗ್ ಇದೆ ಅಂದರು. ಅದು ದಪ್ಪ, ಗಟ್ಟಿ. ಬರೀ ಮಾತನ್ನು ನಾನು ನಂಬುವುದಿಲ್ಲ, ತೋರಿಸಿ ಎಂದೆ. ಮೂರೂ ಬಗೆಯ ಮೂರು ಲೋಹದ ತುಂಡುಗಳ ಮೇಲೆ ಅವರು ಕುಂಕುಮ ಹಚ್ಚಿದ ನಿಂಬೆಹೋಳು ಬೋರಲು ಹಾಕಿ, ಮುಂದಿನ ವಾರ ಬನ್ನಿ ಎಂದರು.

ಮುಂದಿನ ವಾರ ಅತ್ತೆಯನ್ನೂ ಕರೆದುಕೊಂಡು ಹೋದೆ. ದಾರಿಯಲ್ಲಿ ಅವರು ಚೀಲ ಅಪ್ಪಿಕೊಂಡು ಮುಂದೆಯೇ ನೋಡುತ್ತ ಕೂತಿದ್ದರು. ಅಂಗಡಿಯಲ್ಲಿ ಹೋಳುಗಳು ಒಣಗಿ ಅಂಟಿಕೊಂಡಿದ್ದವು. ಎರಡು ತುಂಡುಗಳಲ್ಲಿ ಕಲೆ ಉಳಿದಿತ್ತು. ಮೂರನೆಯದನ್ನು, ಪೌಡರ್ ಕೋಟಿಂಗಿನದನ್ನು, ಚಾಚಾ ಒದ್ದೆಬಟ್ಟೆಯಿಂದ ಒರೆಸಿದರೆ ಕುಂಕುಮವೂ ಹೋಯಿತು, ಕಲೆಯೂ ಇಲ್ಲ.

ಅತ್ತೆ ಅದನ್ನು ಬೆರಳಿನಿಂದ ಸವರಿ ನೋಡಿದರು. "ಮರುದಿನ ತೊಳದ್ರ ಆತೇನಪಾ?"

"ಆತವ್ವ. ಅಮಾಸಿ ದಿನ ಮುಟ್ಟಬ್ಯಾಡ್ರಿ, ಮರುದಿನ ನೀರು ಹಾಕ್ರಿ."

ಇನ್ನು ಬಣ್ಣ. ನನ್ನ ಕೈ ಬೆಳ್ಳಿ ಬಣ್ಣದ ಮೇಲಿತ್ತು, ಅತ್ತೆಯ ಕೈ ಕಪ್ಪಿನ ಮೇಲೆ. ನಾನು ಹಬ್ಬಕ್ಕೆ ಕಪ್ಪು ಕುಪ್ಪಸ ಹಾಕಿದರೆ ಬದಲಿಸಿ ಬಾ ಎನ್ನುವ ಅತ್ತೆಗೆ ಗಾಲಿ ಮಾತ್ರ ಕಪ್ಪಾಗಬೇಕೇ! ನಾಲಿಗೆಯ ತುದಿಗೆ ಬಂದಿತ್ತು. ಒಮ್ಮೆ ಬುದ್ಧಿ ಕಲಿತಿದ್ದೆನಲ್ಲ, ನುಂಗಿಕೊಂಡು ಕರೀದ ಇರಲಿ ಎಂದೆ. ಆ ಬೆಳ್ಳಿಯ ಹೊಳಪು ಬಿಡಲು ಸಂಕಟವಾಯಿತು, ಸುಳ್ಳೇಕೆ ಹೇಳಲಿ. ಕಾರು ಅಲ್ಲೇ ಬಿಟ್ಟು ನಾಲ್ಕು ದಿನ ಬಸ್ಸಿನಲ್ಲಿ ಓಡಾಡಿದೆ.

ಮತ್ತೆ ಅಮಾವಾಸ್ಯೆ ಬಂತು. ಬೆಳಿಗ್ಗೆ ಕಾರಿನ ಪಕ್ಕ ನಿಂತೆ, ಅತ್ತೆ ಬರುತ್ತಾರೋ ಇಲ್ಲವೋ ಎಂದು ಬಾಗಿಲನ್ನೇ ನೋಡುತ್ತ. ಬಂದರು, ತಟ್ಟೆ ಹಿಡಿದು. ಎಡಗಡೆಯ ಮುಂದಿನ ಗಾಲಿಯ ಮುಂದೆ ಕೂತು ಮೂರು ಬೆರಳಿನಿಂದ ವಿಭೂತಿ ಎಳೆದರು. ಕಪ್ಪಿನ ಮೇಲೆ ಅದು ಬೆಳ್ಳಗೆ ಎದ್ದು ಕಂಡಿತು. ನಿಂಬೆ ಹಿಂಡಿದಾಗ ಒರೆಸುವ ಬಟ್ಟೆಯ ಕಡೆ ಹೋದ ಕೈಯನ್ನು ಹಿಂದಕ್ಕೆ ತಂದೆ. ನಾಲ್ಕೂ ಮುಗಿಸಿ, ಮೊಣಕಾಲು ಹಿಡಿದು ಎದ್ದು ಹೇಳಿದರು:

"ಬೆಳ್ಳಿ ಬಣ್ಣದ ಮ್ಯಾಲ ನಾ ಹಚ್ಚಿದ್ದು ಕಾಣ್ತಿದ್ದಿಲ್ಲ ಯವ್ವಾ. ಈಗ ನೀ ಓಣಿ ತಿರುಗೂ ತನಕ ಕಾಣ್ತೈತಿ."

ಕಾರು ಹತ್ತಿದೆ. ನಿಂಬೆಹಣ್ಣುಗಳು ಗಾಲಿಯಡಿ ಒಡೆದವು. ಕನ್ನಡಿಯಲ್ಲಿ ಅತ್ತೆ ನಿಂತಿದ್ದರು. ಶಾಲೆಗೆ ತಡವಾಗಿತ್ತು, ಆದರೂ ಅವತ್ತು ಓಣಿಯ ತಿರುವಿನ ತನಕ ಒಂದನೇ ಗೇರಿನಲ್ಲೇ ಹೋದೆ.